ಕಾರಿನ ಆಯಿಲ್ ಲೆಕ್ಕ ನಿಮಗೂ ಗೊತ್ತಿರಲಿ

'ಕಾರಿನ ವಿಷಯಾನಾ? ಅದೆಲ್ಲ ನಮ್ಮ ಮನೆಯವರು ನೋಡ್ಕೋತಾರೆ' ಅಂತ ಪುಟ ತಿರುಗಿಸಬೇಡಿ. ಒಂದು ನಿಮಿಷ ನಿಲ್ಲಿ. ಎರಡು ವರ್ಷದ ಹಿಂದಿನವರೆಗೆ ನಾನೂ ಹಾಗೇ ಅನ್ನುತ್ತಿದ್ದವಳೇ. ಕಾರು ಅಂದರೆ ಹಿಂದಿನ ಸೀಟಿನಲ್ಲಿ ಮಕ್ಕಳ ಜಗಳ ಬಿಡಿಸುವುದು, ಡಿಕ್ಕಿಯಲ್ಲಿ ತರಕಾರಿ ಚೀಲ ಜೋಡಿಸುವುದು. ಬಾನೆಟ್ ಒಳಗೆ ಏನಿದೆ ಎಂದು ಇಣುಕಿ ನೋಡಿದವಳಲ್ಲ.

ಆಗ ನಡೆದದ್ದು ಹೇಳುತ್ತೇನೆ ಕೇಳಿ. ದಿನಾ ಬೆಳಿಗ್ಗೆ ನಾನು ಪೋರ್ಟಿಕೋ ತೊಳೆದು ಗೇಟಿನ ಮುಂದೆ ರಂಗೋಲಿ ಹಾಕುತ್ತೇನೆ. ಕಾರು ನಿಲ್ಲುವ ಜಾಗದಲ್ಲಿ ಒಂದು ದಿನ ರೂಪಾಯಿ ಅಗಲದ ಕಪ್ಪು ಚುಕ್ಕಿ ಕಂಡಿತು. ಸೋಪಿನ ಪುಡಿ ಹಾಕಿ ಉಜ್ಜಿದೆ. ಮಾರನೇ ದಿನ ಮತ್ತೆ ಇತ್ತು. ಹದಿನೈದು ದಿನದಲ್ಲಿ ಅದು ಸಾಸರಿನಷ್ಟಾಯಿತು. 'ಕಾರು ಅಂದಮೇಲೆ ಎಣ್ಣೆ ತೊಟ್ಟಿಕ್ಕೋದು ಇದ್ದದ್ದೇ' ಅಂದುಕೊಂಡು ಇನ್ನಷ್ಟು ಸೋಪಿನ ಪುಡಿ ಸುರಿದೆನೇ ಹೊರತು ಯಾರಿಗೂ ಹೇಳಲಿಲ್ಲ.

ಒಂದು ತಿಂಗಳಾದ ಮೇಲೆ ಅತ್ತೆಯನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋದೆವು. ವಾಪಸ್ ಬರುವಾಗ ಚಾರ್ಮಾಡಿ ಘಾಟಿ. ತಿರುವಿಗೆ ಬಂದಾಗಲೆಲ್ಲ ಡ್ಯಾಶ್‌ಬೋರ್ಡಿನಲ್ಲಿ ಗಿಂಡಿಯ ಆಕಾರದ ಒಂದು ಕೆಂಪು ದೀಪ ಹತ್ತಿ ಆರುತ್ತಿತ್ತು. 'ಅದೇನ್ರೀ?' ಅಂದೆ. 'ತಿರುವಿನಲ್ಲಿ ಹತ್ತುತ್ತೆ, ನೇರ ರಸ್ತೇಲಿ ಆರುತ್ತೆ. ಏನೂ ಆಗಲ್ಲ ಬಿಡು' ಅಂದರು ಮನೆಯವರು. ಅದೃಷ್ಟಕ್ಕೆ ಅತ್ತೆಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವ ಮನಸ್ಸಾಯಿತು. ಅಲ್ಲೇ ಹತ್ತಿರದ ಸಣ್ಣ ಗ್ಯಾರೇಜಿನ ಹುಡುಗ ಬಾನೆಟ್ ಎತ್ತಿ ಒಂದು ಉದ್ದನೆಯ ಕಡ್ಡಿ ಹೊರಗೆಳೆದ. ಅದರ ತುದಿ ಮಾತ್ರ ಒದ್ದೆಯಾಗಿತ್ತು. 'ಅಣ್ಣಾ, ಆಯಿಲ್ಲೇ ಇಲ್ವಲ್ಲ! ಹೀಗೇ ಓಡಿಸಿದ್ರೆ ಇನ್ನು ಸ್ವಲ್ಪ ಹೊತ್ತಿಗೆ ಎಂಜಿನ್ ಹಿಡ್ಕೊಂಡು ಬಿಡ್ತಿತ್ತು' ಅಂದ.

ಆದದ್ದಿಷ್ಟೇ. ಹಿಂದಿನ ಸರ್ವಿಸ್‌ನಲ್ಲಿ ಆಯಿಲ್ ಬದಲಿಸಿದವರು, ಕೆಳಗಿನ ಬೋಲ್ಟಿಗೆ ಹೊಸ ವಾಷರ್ ಹಾಕದೆ ಹಳೆಯದನ್ನೇ ಬಿಗಿದಿದ್ದರು. ಹನಿ ಹನಿಯಾಗಿ ತಿಂಗಳಿಡೀ ಸೋರಿತ್ತು. ವಾಷರ್‌ಗೆ ಒಂದು ಲೋಟ ಕಾಫಿಯ ಬೆಲೆ. ಎಂಜಿನ್ ಹಿಡಿದುಕೊಂಡಿದ್ದರೆ ಮಗಳ ಕಾಲೇಜಿಗೆಂದು ಕೂಡಿಟ್ಟ ದುಡ್ಡಿಗೇ ಕೈ ಹಾಕಬೇಕಾಗುತ್ತಿತ್ತು. 'ಮನೇಲಿ ಕಾರಿನ ಕೆಳಗೆ ಕಲೆ ಬೀಳ್ತಿತ್ತಾ?' ಎಂದು ಆ ಹುಡುಗ ಕೇಳಿದಾಗ ನನ್ನ ಮುಖ ಸಪ್ಪಗಾಯಿತು. 'ಯಾಕೆ ಹೇಳಲಿಲ್ಲ?' ಅಂದರು ಮನೆಯವರು. 'ನೀವು ಕೇಳಲಿಲ್ಲವಲ್ಲ' ಅಂದೆ.

ಆದರೆ ಆ ಮಾತು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ದಿನಾ ನೋಡಿದ್ದು ನಾನು. ಅದು ಸೂಚನೆ ಎಂದು ಗೊತ್ತಿರಲಿಲ್ಲ, ಅಷ್ಟೆ. ಹಾಲು ಉಕ್ಕುವ ಮುಂಚೆ, ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದ ಕೂಡಲೇ ನಮಗೆ ತಿಳಿಯುವುದಿಲ್ಲವೇ? ಕಾರನ್ನೂ ಅಷ್ಟೇ ಗಮನವಿಟ್ಟು ನೋಡಿದರೆ ಸಾಕು. ಸ್ಪ್ಯಾನರ್ ಹಿಡಿಯಬೇಕಾಗಿಲ್ಲ.

ಆಯಿಲ್ ಮಾಡುವ ಕೆಲಸ

ಎಂಜಿನ್ ಒಳಗೆ ಲೋಹದ ಭಾಗಗಳು ನಿಮಿಷಕ್ಕೆ ಸಾವಿರಾರು ಸಲ ಒಂದಕ್ಕೊಂದು ಉಜ್ಜುತ್ತಾ ಓಡಾಡುತ್ತವೆ. ಅವುಗಳ ನಡುವೆ ತೆಳ್ಳನೆಯ ಪದರವಾಗಿ ನಿಂತು ಸವೆಯದಂತೆ ಕಾಯುವುದು ಆಯಿಲ್. ಜೊತೆಗೆ ಶಾಖವನ್ನು ಹೊತ್ತೊಯ್ಯುತ್ತದೆ, ಮಸಿ ಮತ್ತು ಕೊಳೆಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡು ಫಿಲ್ಟರಿಗೆ ಮುಟ್ಟಿಸುತ್ತದೆ, ತುಕ್ಕು ತಡೆಯುತ್ತದೆ. ಆದ್ದರಿಂದ ಆಯಿಲ್ ಕಪ್ಪಾದ ಮಾತ್ರಕ್ಕೆ ಗಾಬರಿ ಬೇಡ. ಕೊಳೆ ಹಿಡಿಯುವ ಕೆಲಸ ಸರಿಯಾಗಿ ಮಾಡುತ್ತಿದೆ ಎಂದರ್ಥ. ಡೀಸೆಲ್ ಕಾರಿನಲ್ಲಂತೂ ಹೊಸ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ.

ಗಾಬರಿಯಾಗಬೇಕಾದ್ದು ಯಾವಾಗ? ಕಡ್ಡಿಗೆ ಆಯಿಲ್ ಹತ್ತದಿದ್ದಾಗ. ಅಥವಾ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದಾಗ. ಅಂದರೆ ಕೂಲೆಂಟ್ ನೀರು ಅದರೊಳಗೆ ಸೇರಿಕೊಂಡಿರಬಹುದು. ತಡ ಮಾಡದೆ ತೋರಿಸಿ.

ಎರಡು ನಿಮಿಷದ ಪರೀಕ್ಷೆ

ಆ ಉದ್ದನೆಯ ಕಡ್ಡಿಗೆ ಡಿಪ್‌ಸ್ಟಿಕ್ ಎನ್ನುತ್ತಾರೆ. ಬಾನೆಟ್ ಎತ್ತಿದರೆ ಸಾಮಾನ್ಯವಾಗಿ ಹಳದಿ ಅಥವಾ ಕಿತ್ತಳೆ ಬಣ್ಣದ ಹಿಡಿ ಕಾಣುತ್ತದೆ. ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುಂಚೆ ಒಮ್ಮೆ ಹೀಗೆ ಮಾಡಿ:

ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಲಿ. ಎಂಜಿನ್ ನಿಲ್ಲಿಸಿ ಐದು ಹತ್ತು ನಿಮಿಷ ಬಿಡಿ, ಮೇಲೆ ಹೋದ ಆಯಿಲ್ ಕೆಳಗಿಳಿಯಲಿ. ಕಡ್ಡಿ ಹೊರಗೆಳೆದು ಹಳೇ ಹತ್ತಿ ಬಟ್ಟೆಯಲ್ಲಿ ಒರೆಸಿ. ಮತ್ತೆ ಪೂರ್ತಿ ಒಳಗೆ ತಳ್ಳಿ, ಇನ್ನೊಮ್ಮೆ ಹೊರಗೆಳೆದು ನೋಡಿ. ತುದಿಯಲ್ಲಿ ಎರಡು ಗುರುತು ಇರುತ್ತವೆ. ಆಯಿಲ್ ಆ ಎರಡರ ನಡುವೆ ಇದ್ದರೆ ಸರಿ. ಕೆಳಗಿನ ಗುರುತಿಗೆ ಹತ್ತಿರವಿದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲವೂ ನೋಡಿ. ಮೇಲಿನ ಗುರುತು ದಾಟುವಂತೆ ಸುರಿಯಬೇಡಿ. ಹೆಚ್ಚಾದರೆ ಒಳಗೆ ನೊರೆಯೆದ್ದು ಅದೂ ತೊಂದರೆಯೇ. ಉಪ್ಪು ಹಾಕಿದ ಹಾಗೆ, ಕಡಿಮೆ ಇದ್ದರೆ ಸೇರಿಸಬಹುದು, ಹೆಚ್ಚಾದರೆ ತೆಗೆಯುವುದು ಕಷ್ಟ.

ಇನ್ನು ಆ ಗಿಂಡಿ ದೀಪ. ಓಡುವಾಗ ಅದು ಕೆಂಪಗೆ ಹತ್ತಿದರೆ ಆಯಿಲ್‌ನ ಒತ್ತಡ ಬಿದ್ದಿದೆ ಎಂದರ್ಥ. 'ಮುಂದಿನ ಊರಿನಲ್ಲಿ ನೋಡೋಣ' ಎನ್ನುವ ಮಾತೇ ಇಲ್ಲ. ಸುರಕ್ಷಿತ ಜಾಗ ನೋಡಿ ಕೂಡಲೇ ನಿಲ್ಲಿಸಿ, ಎಂಜಿನ್ ಆರಿಸಿ. ಆಯಿಲ್ ಕಡಿಮೆಯಾದ ಕಾರಿನಲ್ಲಿ ತಿರುವಿಗೆ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಗುವುದಿಲ್ಲ. ನಮಗೆ ಘಾಟಿಯಲ್ಲಿ ಆದದ್ದು ಅದೇ. ಎಂಜಿನ್ ಆಕಾರದ ಹಳದಿ ದೀಪ ಬೇರೆ. ಅದು ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಒಯ್ಯಬಹುದು. ಮಿನುಗುತ್ತಿದ್ದರೆ ಮಾತ್ರ ನಿಲ್ಲಿಸಿಬಿಡುವುದೇ ಒಳ್ಳೆಯದು.

ಡಬ್ಬದ ಮೇಲಿನ ಅಂಕಿಗಳು

ಆಯಿಲ್ ಡಬ್ಬದ ಮೇಲೆ 0ಡಬ್ಲ್ಯು-20, 5ಡಬ್ಲ್ಯು-30, 15ಡಬ್ಲ್ಯು-40, 20ಡಬ್ಲ್ಯು-50 ಎಂದೆಲ್ಲ ಬರೆದಿರುತ್ತದೆ. ನೋಡಿದರೆ ಮಕ್ಕಳ ಗಣಿತದ ಪುಸ್ತಕ ನೆನಪಾಗುತ್ತದೆ, ಅಲ್ಲವೇ? ಆದರೆ ವಿಷಯ ನಮಗೆ ಗೊತ್ತಿರುವುದೇ.

ಡಿಸೆಂಬರ್ ಬಂದರೆ ಸ್ನಾನದ ಮನೆಯ ಕೊಬ್ಬರಿ ಎಣ್ಣೆ ಬಾಟಲಿ ಏನಾಗುತ್ತದೆ? ಹೆಪ್ಪುಗಟ್ಟಿ ಕೂರುತ್ತದೆ, ಬಿಸಿಲಿಗಿಟ್ಟರೆ ನೀರಾಗುತ್ತದೆ. ಎಂಜಿನ್ ಆಯಿಲ್ ಹಾಗೆ ಹೆಪ್ಪುಗಟ್ಟುವುದಿಲ್ಲವಾದರೂ ಚಳಿಗೆ ಮಂದವಾಗುತ್ತದೆ, ಬಿಸಿಗೆ ತೆಳುವಾಗುತ್ತದೆ. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಅದರ ಮುಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿದ್ದಾಗ ಆಯಿಲ್ ಬೇಗ ಹರಿಯುತ್ತದೆ. ಕೊನೆಯ ಅಂಕಿ ಎಂಜಿನ್ ಕಾದಾಗ, ಅಂದರೆ ನೂರು ಡಿಗ್ರಿ ಶಾಖದಲ್ಲಿ ಅದು ಎಷ್ಟು ಮಂದವಾಗಿರುತ್ತದೆ ಎಂಬುದನ್ನು ಹೇಳುತ್ತದೆ. ಅಂಕಿ ದೊಡ್ಡದಾದಷ್ಟೂ ಆಯಿಲ್ ಮಂದ. ಕಡಲೆಕಾಯಿ ಎಣ್ಣೆಗೂ ಹರಳೆಣ್ಣೆಗೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ.

ಇದು ಗ್ರೇಡ್. ಇದಲ್ಲದೆ ಆಯಿಲ್‌ನ ಗುಣಮಟ್ಟ ಹೇಳುವ ಅಕ್ಷರಗಳೂ ಇರುತ್ತವೆ. ಎಪಿಐ ಎಂಬ ಮೂರು ಅಕ್ಷರದ ಮುಂದೆ ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್‌ಗೆ, ಸಿಯಿಂದ ಶುರುವಾದರೆ ಡೀಸೆಲ್‌ಗೆ. ಎಸ್‌ಎನ್ 2010ರಲ್ಲಿ ಬಂದದ್ದು, ಎಸ್‌ಪಿ 2020ರಲ್ಲಿ ಬಂದದ್ದು. ಎರಡನೇ ಅಕ್ಷರ ಮುಂದೆ ಹೋದಷ್ಟೂ ಗುಣಮಟ್ಟ ಹೊಸದು. ನಿಮ್ಮ ಕಾರಿನ ಪುಸ್ತಕದಲ್ಲಿ ಎಸ್‌ಎನ್ ಎಂದಿದ್ದರೆ ಅದೇ ಗ್ರೇಡಿನ ಎಸ್‌ಪಿ ಹಾಕಿಸಬಹುದು. ಪುಸ್ತಕ ಹೇಳಿದ್ದಕ್ಕಿಂತ ಹಳೆಯದು ಬೇಡ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅಂಥವಕ್ಕೆ ಬೂದಿ ಕಡಿಮೆ ಬಿಡುವ ವಿಶೇಷ ಆಯಿಲ್ಲೇ ಬೇಕು, ಬೇರೆಯದು ಹಾಕಿದರೆ ಆ ದುಬಾರಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

'ಪುಸ್ತಕ ಯಾವುದು?' ಎನ್ನುವಿರಾ? ಕಾರು ಕೊಂಡಾಗ ಕೊಟ್ಟ ಓನರ್ಸ್ ಮ್ಯಾನ್ಯುಯಲ್. ಮುಂದಿನ ಸೀಟಿನೆದುರಿನ ಡಬ್ಬಿಯಲ್ಲಿ, ಹಳೇ ಟೋಲ್ ಚೀಟಿಗಳ ಕೆಳಗೆ ಬಿದ್ದಿರುತ್ತದೆ. ಇವತ್ತೇ ತೆಗೆದು ನೋಡಿ. ಆಯಿಲ್ ಗ್ರೇಡ್, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು, ಮೂರೂ ಅದರಲ್ಲಿರುತ್ತವೆ. ಆ ಪುಟದ ಫೋಟೋ ನಿಮ್ಮ ಮೊಬೈಲಿನಲ್ಲಿರಲಿ.

'ಗಟ್ಟಿ ಆಯಿಲ್ ಹಾಕೋಣ ಮೇಡಂ' ಅಂದರೆ?

ಈ ಮಾತು ನೀವು ಕೇಳಿಯೇ ಇರುತ್ತೀರಿ. 'ಇದು ನೀರು ನೀರಾಗಿದೆ, ನಮ್ಮ ಬಿಸಿಲಿಗೆ ತಡೆಯಲ್ಲ, ಗಟ್ಟಿದು ಹಾಕಿದ್ರೆ ಎಂಜಿನ್‌ಗೆ ಬಾಳಿಕೆ.' ಹಳೆಯ ಕಾಲದ ಕಾರುಗಳಿಗೆ 20ಡಬ್ಲ್ಯು-50 ಹಾಕಿ ಹಾಕಿ ಕೈ ಪಳಗಿದವರು ಹೀಗೆ ಹೇಳುವುದು ಸಹಜ. ಅವರ ಅನುಭವ ಸುಳ್ಳಲ್ಲ, ಆದರೆ ಎಂಜಿನ್ ಬದಲಾಗಿದೆ. ಈಗಿನ ಎಂಜಿನ್‌ಗಳಲ್ಲಿ ಭಾಗಗಳ ನಡುವಿನ ಸಂದು ಬಹಳ ಕಿರಿದು, ಆಯಿಲ್ ಹರಿಯುವ ದಾರಿಯೂ ಸಣ್ಣದು. ಮಂದವಾದ ಆಯಿಲ್ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ತಲುಪುವುದು ತಡ. ಎಂಜಿನ್ ಹೆಚ್ಚು ಸವೆಯುವುದೇ ಆ ಮೊದಲ ಕ್ಷಣಗಳಲ್ಲಿ. ಜೊತೆಗೆ ಆ ಮಂದ ಆಯಿಲ್ ಅನ್ನು ತಳ್ಳುವುದಕ್ಕೇ ಇಂಧನ ಖರ್ಚು. ಸರಿಯಾದ ಗ್ರೇಡ್ ಹಾಕಿದರೆ ಮೈಲೇಜ್ ಶೇಕಡ 1ರಿಂದ 2ರಷ್ಟು ಸುಧಾರಿಸುತ್ತದೆ ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ.

ಹಾಗೆಂದು 'ತೆಳುವೇ ಒಳ್ಳೆಯದು' ಎಂದು ಹಳೇ ಕಾರಿಗೆ 0ಡಬ್ಲ್ಯು-20 ಸುರಿಯುವುದೂ ತಪ್ಪು. ಕಾದ ಎಂಜಿನ್‌ನಲ್ಲಿ ಪದರ ನಿಲ್ಲುವುದಿಲ್ಲ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಹವಾಮಾನಕ್ಕೆ ತಕ್ಕಂತೆ ಎರಡು ಮೂರು ಗ್ರೇಡ್‌ಗಳ ಪಟ್ಟಿ ಇರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರ್ಗಿ, ರಾಯಚೂರಿನವರು ಅದರಲ್ಲಿ ಮಂದವಾದುದನ್ನು ಆರಿಸಬಹುದು. ಮೈಲಿಗಟ್ಟಲೆ ಓಡಿ ಆಯಿಲ್ ಕುಡಿಯಲು ಶುರುಮಾಡಿದ ಹಳೇ ಎಂಜಿನ್‌ಗೂ ಅಷ್ಟೇ. ಆದರೆ ಆಯ್ಕೆ ಆ ಪಟ್ಟಿಯ ಒಳಗೇ ಇರಲಿ.

ಸಿಂಥೆಟಿಕ್ ಬೇಕೇ, ಸಾಮಾನ್ಯದ್ದು ಸಾಕೇ? ಸಿಂಥೆಟಿಕ್ ಆಯಿಲ್ ಚಳಿಯಲ್ಲಿ ಚೆನ್ನಾಗಿ ಹರಿಯುತ್ತದೆ, ಶಾಖವನ್ನು ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಟರ್ಬೊ ಇರುವ ಎಂಜಿನ್‌ಗೆ, 0ಡಬ್ಲ್ಯು-20 ಕೇಳುವ ಕಾರಿಗೆ ಅದೇ ಬೇಕಾಗುತ್ತದೆ. ಮ್ಯಾನ್ಯುಯಲ್ ಕೇಳದ ಕಾರಿಗೆ ಹಾಕಿಸಿದರೆ ತಪ್ಪೇನಿಲ್ಲ, ಆದರೆ 'ಇನ್ನು ಎರಡು ವರ್ಷ ನೋಡೋದೇ ಬೇಡ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬದಲಿಸುವುದು ಯಾವಾಗ?

ಇಲ್ಲಿ ನಮ್ಮಂಥವರು ಎಡವುವ ಜಾಗವಿದೆ. ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಎಂದಿರುತ್ತದೆ. 'ನಮ್ಮ ಕಾರು ವರ್ಷಕ್ಕೆ 4,000 ಕಿಲೋಮೀಟರ್ ಕೂಡ ಓಡಲ್ಲ, ಇನ್ನೊಂದು ವರ್ಷ ಬಿಡೋಣ' ಎನ್ನುತ್ತೇವೆ. ಆದರೆ ನಮ್ಮ ಓಡಾಟ ಎಂಥದ್ದು? ಶಾಲೆಗೆ ಎರಡು ಕಿಲೋಮೀಟರ್, ತರಕಾರಿ ಮಾರ್ಕೆಟ್ಟಿಗೆ ಒಂದೂವರೆ, ಸಂಗೀತದ ಕ್ಲಾಸಿಗೆ ಮೂರು. ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಲ್ಲಿಸಿಬಿಡುತ್ತೇವೆ. ಒಳಗೆ ಉಳಿದ ನೀರಿನ ಪಸೆ, ಉರಿಯದ ಪೆಟ್ರೋಲ್ ಆವಿಯಾಗಿ ಹೋಗದೆ ಆಯಿಲ್‌ಗೆ ಬೆರೆಯುತ್ತವೆ. ಕಡಿಮೆ ಓಡಿದರೂ ಆಯಿಲ್ ಕೆಡುತ್ತದೆ. ಹಾಗಾಗಿ ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ, ಜೊತೆಗೆ ಆಯಿಲ್ ಫಿಲ್ಟರ್ ಕೂಡ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಒಂದೇ ಸಮನೆ ಓಡಿಸಿದರೆ ಎಂಜಿನ್‌ಗೂ ಹಿತ, ಬ್ಯಾಟರಿಗೂ ಹಿತ.

ಹಳೇ ಆಯಿಲ್ ಅನ್ನು ಮಾತ್ರ ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಅದು ವಿಷ. ಗ್ಯಾರೇಜಿನಲ್ಲೇ ಬಿಟ್ಟು ಬನ್ನಿ.

'ಟ್ಯೂನಿಂಗ್ ಮಾಡಿಸಬೇಕು' ಅಂದರೆ ಏನರ್ಥ?

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ, ಅದಕ್ಕೂ ಮೊದಲಿನ ಅಂಬಾಸಿಡರ್, ಫಿಯಟ್ ಕಾಲದಲ್ಲಿ ಕಾರಿಗೆ ಕಾರ್ಬುರೇಟರ್ ಇತ್ತು. ಮೆಕ್ಯಾನಿಕ್ ಎಂಜಿನ್ ಸದ್ದು ಕೇಳುತ್ತಾ ಸ್ಕ್ರೂಡ್ರೈವರ್‌ನಲ್ಲಿ ಅತ್ತಿತ್ತ ತಿರುಗಿಸಿ, ವೀಣೆಗೆ ಶ್ರುತಿ ಕೂಡಿಸುವಂತೆ ಗಾಳಿ ಪೆಟ್ರೋಲ್ ಹದ ಕೂಡಿಸುತ್ತಿದ್ದ. ಅದೇ ಟ್ಯೂನಿಂಗ್. ಈಗಿನ ಕಾರಿನಲ್ಲಿ ಆ ಹದವನ್ನು ಒಂದು ಪುಟ್ಟ ಕಂಪ್ಯೂಟರ್ ಕ್ಷಣಕ್ಷಣಕ್ಕೂ ನೋಡಿಕೊಳ್ಳುತ್ತದೆ. ತಿರುಗಿಸಲು ಸ್ಕ್ರೂ ಇಲ್ಲ.

ಹಾಗಾದರೆ ಬಿಲ್ಲಿನಲ್ಲಿ 'ಟ್ಯೂನಿಂಗ್' ಎಂದು ಬರೆದರೆ ಕೇಳಬೇಕಾದ್ದು ಒಂದೇ: 'ಏನೇನು ಮಾಡಿದಿರಿ?' ಸ್ಪಾರ್ಕ್ ಪ್ಲಗ್ ಬದಲಾವಣೆ, ಏರ್ ಫಿಲ್ಟರ್ ಬದಲಾವಣೆ, ಗಾಳಿ ಒಳಬರುವ ಥ್ರಾಟಲ್ ಸ್ವಚ್ಛ ಮಾಡುವುದು, ಸ್ಕ್ಯಾನರ್ ಹಾಕಿ ಕಂಪ್ಯೂಟರಿನಲ್ಲಿ ದಾಖಲಾದ ದೋಷ ನೋಡುವುದು, ಇವು ನಿಜವಾದ ಕೆಲಸಗಳು. ಡೀಸೆಲ್ ಕಾರಿಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ ಎಂಬುದೂ ನೆನಪಿರಲಿ! ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಆಯಿಲ್ ಜೊತೆಗೆ ಬೆರೆಸುವ ಪುಟ್ಟ ಬಾಟಲಿ, ಇವು ಮ್ಯಾನ್ಯುಯಲ್‌ನ ಸರ್ವಿಸ್ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ, ಕಾರಿಗೂ ತೊಂದರೆ ಇಲ್ಲದಿದ್ದರೆ, 'ಈಗ ಬೇಡ' ಎಂದು ನಯವಾಗಿ ಹೇಳಿ.

ಟ್ಯೂನಿಂಗ್ ನಿಜವಾಗಿ ಬೇಕೆಂದು ಗೊತ್ತಾಗುವುದು ಹೇಗೆ? ನಿಂತಲ್ಲೇ ಎಂಜಿನ್ ನಡುಗುವುದು, ಸ್ಟಾರ್ಟ್ ಆಗಲು ಸತಾಯಿಸುವುದು, ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಇದ್ದಕ್ಕಿದ್ದಂತೆ ಇಳಿದ ಮೈಲೇಜ್. ಪೆಟ್ರೋಲ್ ಕಾರಿನ ಎಮಿಷನ್ ಟೆಸ್ಟ್ ಚೀಟಿಯನ್ನೂ ಸುಮ್ಮನೆ ಮಡಚಿಡಬೇಡಿ. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂಕಿ ಹಿಂದಿನ ಸಲಕ್ಕಿಂತ ಏರಿದ್ದರೆ, ಪೆಟ್ರೋಲ್ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತಿದೆ ಎಂದರ್ಥ. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಕೆಟ್ಟರೆ ಮೈಲೇಜ್ ವಿಪರೀತ ಕುಸಿಯಬಹುದು. ಅಂಥದ್ದನ್ನು ಸರಿಪಡಿಸಿದಾಗ ಉಳಿತಾಯ ಕಣ್ಣಿಗೆ ಕಾಣುತ್ತದೆ.

ಇನ್ನು ಮಗ ಬಂದು 'ಅಮ್ಮಾ, ಇಸಿಯು ರೀಮ್ಯಾಪ್ ಮಾಡಿಸೋಣ, ಪಿಕಪ್ ಸೂಪರ್ ಆಗತ್ತೆ' ಎಂದರೆ? ಕಾರಿನ ಕಂಪ್ಯೂಟರಿನ ಲೆಕ್ಕವನ್ನೇ ಬದಲಿಸುವ ಕೆಲಸವದು. ವಾರಂಟಿ ಕೈಬಿಡಬಹುದು. ಶಾಲೆ, ಮಾರ್ಕೆಟ್ ಓಡಾಟದ ಕಾರಿಗೆ ಆ ಉಸಾಬರಿ ಬೇಡ.

ಮೈಲೇಜ್ ನೀವೇ ಲೆಕ್ಕ ಹಾಕಿ

'ನಮ್ಮ ಕಾರು ಇಪ್ಪತ್ತು ಕೊಡತ್ತೆ' ಎಂದು ಗಂಡಸರು ಹೇಳುವುದು ಎಷ್ಟೋ ಸಲ ಜಾಹೀರಾತಿನ ಅಂಕಿ. ಅದು ಪ್ರಯೋಗಾಲಯದಲ್ಲಿ ಅಳೆದದ್ದು, ಟ್ರಾಫಿಕ್ ಇಲ್ಲ, ಗುಂಡಿ ಇಲ್ಲ. ನಿಜ ತಿಳಿಯಬೇಕೆ? ಬಂಕಿನಲ್ಲಿ ಗನ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಮುಕ್ಕಾಲು ಪಾಲು ಖಾಲಿಯಾದಾಗ ಅದೇ ಬಂಕಿನಲ್ಲಿ ಮತ್ತೆ ಹಾಗೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿ. 390 ಕಿಲೋಮೀಟರ್ ಓಡಿ 30 ಲೀಟರ್ ಹಿಡಿದರೆ ಮೈಲೇಜ್ 13.

ಇದರಿಂದ ಏನು ಲಾಭ? ವರ್ಷಕ್ಕೆ 8,000 ಕಿಲೋಮೀಟರ್ ಓಡುವ ಕಾರಿಗೆ 13ರ ಮೈಲೇಜಿನಲ್ಲಿ ಸುಮಾರು 615 ಲೀಟರ್ ಬೇಕು, 15ರಲ್ಲಿ 533 ಸಾಕು. ವ್ಯತ್ಯಾಸ 82 ಲೀಟರ್. ಲೀಟರಿಗೆ ನೂರು ರೂಪಾಯಿ ಎಂದುಕೊಂಡರೂ ವರ್ಷಕ್ಕೆ 8,200 ರೂಪಾಯಿ. ಗೌರಿ ಹಬ್ಬಕ್ಕೆ ಒಂದು ಒಳ್ಳೆಯ ಸೀರೆ, ಮೇಲೆ ಬಾಗಿನದ ಖರ್ಚು! ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪೆಟ್ರೋಲ್ ಲೆಕ್ಕವನ್ನೂ ಬರೆಯಿರಿ. ಅಂಕಿ ಇಳಿದ ತಿಂಗಳೇ ಏನೋ ಕೆಟ್ಟಿದೆ ಎಂದು ನಿಮಗೆ ತಿಳಿಯುತ್ತದೆ.

ಒಂದು ಮಾತು. ಇಳಿದದ್ದಕ್ಕೆಲ್ಲ ಎಂಜಿನ್ ಕಾರಣವಲ್ಲ. ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಗಿ, ಆಮೇಲೆ ದೇಶದೆಲ್ಲೆಡೆ ಹರಡಿತು. ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಅದಕ್ಕೆಂದು ಹೊಂದಿಸದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇಕಡ 6ರಿಂದ 7ರಷ್ಟು ಇಳಿಯಬಹುದು ಎಂದು 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ನಿಮ್ಮ ಕಾರು ಇ20ಗೆ ಹೊಂದುತ್ತದೆಯೇ ಎಂಬುದು ಮ್ಯಾನ್ಯುಯಲ್‌ನಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಚೀಟಿಯಲ್ಲಿ ಇರುತ್ತದೆ, ನೋಡಿಕೊಳ್ಳಿ.

ಉಳಿತಾಯ ಇಲ್ಲಿದೆ

* ಹದಿನೈದು ದಿನಕ್ಕೊಮ್ಮೆ ಟೈರಿನ ಗಾಳಿ ನೋಡಿಸಿ. ಟೈರ್ ತಣ್ಣಗಿರಬೇಕು. ಎಷ್ಟು ಗಾಳಿ ಎಂಬ ಚೀಟಿ ಡ್ರೈವರ್ ಬಾಗಿಲಿನ ಅಂಚಿನಲ್ಲಿ ಅಂಟಿಸಿರುತ್ತದೆ. ಗಾಳಿ ಕಡಿಮೆಯಾದ ಟೈರ್, ಚಕ್ರ ಸವೆದ ತಳ್ಳುಗಾಡಿಯಂತೆ. ತಳ್ಳುವವರಿಗೆ ದಣಿವು ಹೆಚ್ಚು.

* ಒಮ್ಮೆಲೇ ಆಕ್ಸಿಲರೇಟರ್ ಒತ್ತಿ, ಒಮ್ಮೆಲೇ ಬ್ರೇಕ್ ಹಾಕುವ ಅಭ್ಯಾಸ ಬಿಡಿ. ನಗರದ ಟ್ರಾಫಿಕ್‌ನಲ್ಲಿ ಈ ಅವಸರದಿಂದ ಮೈಲೇಜ್ ಶೇಕಡ 10ರಿಂದ 40ರವರೆಗೆ ಇಳಿಯಬಹುದು ಎನ್ನುತ್ತದೆ ಅಮೆರಿಕದ ಅದೇ ಇಲಾಖೆ. ಯಾವ ದುಬಾರಿ ಆಯಿಲ್ ಕೂಡ ಇಷ್ಟು ಉಳಿಸಲಾರದು.

* ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿಕೊಳ್ಳುವುದು ಕಾರ್ಬುರೇಟರ್ ಕಾಲದ ಮಾತು. ಈಗ ಅರ್ಧ ನಿಮಿಷ ಸಾಕು, ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ ಓಡಿಸಿ.

* ಶಾಲೆಯ ಗೇಟಿನ ಮುಂದೆ ಕಾಯುವಾಗ ಎಂಜಿನ್ ಆರಿಸಿ.

* ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವುದು ತಪ್ಪು. ಈಗಿನ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯಲು ಇಂಧನ ಬೇಕೇ ಬೇಕು. ಮೇಲಾಗಿ ಘಾಟಿಯಲ್ಲಿ ಬ್ರೇಕ್ ಕಾದು ಕೈಕೊಡುವ ಅಪಾಯ. ಮನೆಯವರು ಹಾಗೆ ಮಾಡುತ್ತಿದ್ದರೆ ಖಂಡಿತ ಹೇಳಿ.

* ಡಿಕ್ಕಿಯಲ್ಲಿ ಬೇಡದ ಭಾರ, ಮೇಲೆ ಬಳಸದ ಕ್ಯಾರಿಯರ್ ಇಟ್ಟುಕೊಳ್ಳಬೇಡಿ.

ಸ್ಕೂಟರ್ ಓಡಿಸುವವರಿಗೆ

ಕಾರಿಗೆ ಹಾಕಿ ಉಳಿದ ಆಯಿಲ್ ಅನ್ನು 'ವೇಸ್ಟ್ ಯಾಕೆ' ಎಂದು ಗಾಡಿಗೆ ಹಾಕಬೇಡಿ. ಗೇರ್ ಇರುವ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಬಿದ್ದರೆ ಅದು ಜಾರಬಹುದು. ಅಂಥ ಬೈಕಿನ ಡಬ್ಬದ ಮೇಲೆ ಜಾಸೊ ಎಂಎ ಎಂದೂ, ಗೇರಿಲ್ಲದ ಸ್ಕೂಟರಿನದಕ್ಕೆ ಜಾಸೊ ಎಂಬಿ ಎಂದೂ ಇರುತ್ತದೆ. ಸ್ಕೂಟರಿಗೆ ಎಂಜಿನ್ ಆಯಿಲ್ ಅಲ್ಲದೆ ಹಿಂದಿನ ಚಕ್ರದ ಬಳಿ ಸ್ವಲ್ಪ ಗೇರ್ ಆಯಿಲ್ ಬೇರೆ ಇರುತ್ತದೆ. ಅದನ್ನು ಮರೆಯುವವರೇ ಹೆಚ್ಚು.

ಗ್ಯಾರೇಜಿನಲ್ಲಿ ಕೇಳಬೇಕಾದ ಐದು ಮಾತು

ಕಾರನ್ನು ಸರ್ವಿಸ್‌ಗೆ ಬಿಡಲು ನೀವೇ ಹೋದರೆ ಸಂಕೋಚ ಬೇಡ. ಜಗಳವಾಡುವ ಅಗತ್ಯವೂ ಇಲ್ಲ. ಸೀರೆ ಅಂಗಡಿಯಲ್ಲಿ ಬಣ್ಣ ಬಿಡುತ್ತಾ ಎಂದು ಕೇಳುವಷ್ಟೇ ಸಹಜವಾಗಿ ಕೇಳಿ.

1. ಯಾವ ಗ್ರೇಡ್ ಹಾಕುತ್ತೀರಿ? ಬಿಲ್ಲಿನಲ್ಲಿ ಬರೆದುಕೊಡಿ.

2. ಡಬ್ಬದ ಸೀಲ್ ನನ್ನೆದುರಿಗೆ ಒಡೆಯಿರಿ.

3. ಎಷ್ಟು ಲೀಟರ್ ಹಿಡಿಯಿತು? (ಮ್ಯಾನ್ಯುಯಲ್‌ನಲ್ಲಿರುವ ಅಂಕಿಗಿಂತ ಬಿಲ್ಲಿನಲ್ಲಿ ಹೆಚ್ಚಿದ್ದರೆ ಉಳಿದದ್ದೆಲ್ಲಿ ಎಂದು ಕೇಳಿ.)

4. ಆಯಿಲ್ ಫಿಲ್ಟರ್, ಕೆಳಗಿನ ಬೋಲ್ಟಿನ ವಾಷರ್ ಎರಡೂ ಹೊಸದು ಹಾಕಿದಿರಾ?

5. ಬದಲಿಸಿದ ಹಳೇ ಭಾಗಗಳನ್ನು ತೋರಿಸಿ.

ಮನೆಗೆ ಬಂದ ಮೇಲೆ ಕಡ್ಡಿ ಎಳೆದು ಒಮ್ಮೆ ನೋಡಿಬಿಡಿ. ಮಾರನೇ ದಿನ ಬೆಳಿಗ್ಗೆ ಕಾರಿನ ಕೆಳಗೆ ಕಣ್ಣಾಡಿಸಿ. ಎಸಿ ಹಾಕಿ ಬಂದಿದ್ದರೆ ಬೀಳುವ ತಿಳಿನೀರಿಗೆ ಹೆದರಬೇಡಿ. ಕಪ್ಪು ಅಥವಾ ಕಂದು ಜಿಡ್ಡು, ಹಸಿರು ಇಲ್ಲವೇ ಗುಲಾಬಿ ಬಣ್ಣದ ನೀರು ಕಂಡರೆ ಮಾತ್ರ ಅದು ಸೂಚನೆ. ಸಂಶಯವಿದ್ದರೆ ರಾತ್ರಿ ಒಂದು ಹಳೇ ದಿನಪತ್ರಿಕೆ ಕೆಳಗೆ ಹಾಸಿಡಿ. ಬೆಳಿಗ್ಗೆ ಅದೇ ಹೇಳುತ್ತದೆ.

ನಮ್ಮ ಮನೆಯಲ್ಲಿ ಈಗ ಪೆಟ್ರೋಲ್ ಲೆಕ್ಕದ ಕ್ಯಾಲೆಂಡರ್ ನನ್ನದು, ಡಿಪ್‌ಸ್ಟಿಕ್ ಒರೆಸುವ ಬಟ್ಟೆಯೂ ನನ್ನದು. ಕಳೆದ ಸಲ ಊರಿಗೆ ಹೊರಡುವ ಹಿಂದಿನ ದಿನ ಮನೆಯವರು ತಾವಾಗಿಯೇ ಕೇಳಿದರು, 'ಆಯಿಲ್ ನೋಡಿದೆಯಾ?' ಅಂತ. 'ಬೆಳಿಗ್ಗೆ ರಂಗೋಲಿ ಹಾಕುವಾಗಲೇ ನೋಡಿದೆ' ಅಂದೆ. ಅತ್ತೆ ಒಳಗಿನಿಂದಲೇ, 'ಹಾಗಾದ್ರೆ ಹೊರಡೋಣ' ಅಂದರು.

ನಾಳೆ ಬೆಳಿಗ್ಗೆ ಪೋರ್ಟಿಕೋ ತೊಳೆಯುವಾಗ ನೀವೂ ಒಮ್ಮೆ ಕಾರಿನ ಕೆಳಗೆ ಬಗ್ಗಿ ನೋಡಿ. ಚುಕ್ಕಿ ಕಂಡರೆ ಉಜ್ಜುವ ಮುಂಚೆ ಮನೆಯಲ್ಲಿ ಹೇಳಿ.